ತೆಂಗಿನಕಾಯಿಗೆ ಗುರಿ ಹಿಡಿದು ನಿಂತಾಗ

ಕಳೆದ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೊ ಹಾಕಿದ್ದೆ. ಮೊಣಕಾಲಿನವರೆಗೆ ಕೆಸರು, ತಲೆಗೆ ಯಾರದೋ ಟೋಪಿ, ಹೆಗಲಿಗೆ ಆನಿಸಿಕೊಂಡ ಪಾಯಿಂಟ್ ಟೂ ಟೂ ರೈಫಲ್. ಕೈಲ್‌ಪೊಳ್ದ್ ಹಬ್ಬಕ್ಕೆ, ಅಂದರೆ ಕೊಡವರ ಆಯುಧಪೂಜೆಗೆ, ಕೊಡಗಿಗೆ ಹೋಗಿದ್ದಾಗ ತೆಗೆದದ್ದು. ಅರ್ಧ ಗಂಟೆಯೊಳಗೆ ಮಾಮೂಲಿ ಜೋಕುಗಳೆಲ್ಲ ಬಂದವು. ನನ್ನ ಗಂಡನ ಕ್ಷೇಮ ವಿಚಾರಿಸಿದವರೇ ಜಾಸ್ತಿ. ಆಫೀಸಿನ ಗೆಳತಿಯೊಬ್ಬಳು ಮಾತ್ರ ಜೋಕು ಮಾಡಲಿಲ್ಲ. "ಸುಮ್ನೆ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡ. ಪಟಾಕಿ ಸದ್ದಿಗೇ ಒಳಗೆ ಓಡಿ ಹೋಗೋಳು ನೀನು. ಇದರಲ್ಲಿ ನಿನಗೆ ಏನು ಖುಷಿ?" ಅಂತ ಕೇಳಿದಳು. ಒಂದು ನಗುವ ಎಮೋಜಿ ಕಳಿಸಿ ಮಾತು ಮುಗಿಸಿದೆ. ಪ್ರಶ್ನೆ ಮುಗಿಯಲಿಲ್ಲ.

ಅವಳು ಹೇಳಿದ್ದು ಸರಿಯೇ. ನನಗೆ ಪಟಾಕಿ ಆಗುವುದಿಲ್ಲ. ಯುದ್ಧದ ಸಿನಿಮಾ ಬಂದರೆ ಚಾನೆಲ್ ಬದಲಾಯಿಸುತ್ತೇನೆ. ಮಾಂಸ ತಿನ್ನುವುದಿಲ್ಲ, ಬೇಟೆಯ ಕಥೆ ಶುರುವಾದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಮೈಸೂರಿನ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇಡುವ ಅತಿ ಹರಿತವಾದ ಆಯುಧ ಅಂದರೆ ಈಳಿಗೆಮಣೆ. ಇಷ್ಟೆಲ್ಲ ಇದ್ದೂ ಆಗಸ್ಟ್ ಕೊನೆಯಾಗುತ್ತಿದ್ದ ಹಾಗೆ ನಾನು ವಿರಾಜಪೇಟೆ ಕಡೆಯ ಫೋನಿಗೆ ಕಾಯುತ್ತಿರುತ್ತೇನೆ. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳ ಊರು ಅದು. ಮಳೆ ಹಿಡಿದಿದೆಯಾ, ಬಿಟ್ಟಿದೆಯಾ, ಈ ಸಲ ಮೈದಾನ ಎಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ತೆಂಗೆ ಬೊಡಿ ಸ್ಪರ್ಧೆಗೆ ಹೆಂಗಸರ ವಿಭಾಗ ಇಟ್ಟಿದ್ದಾರಾ ಅಂತ ನಾನೇ ಕೇಳುತ್ತೇನೆ. ಹಾಗಾದರೆ ಇಷ್ಟ ಇದೆ ತಾನೇ? ಏನು ಇಷ್ಟ ಅಂತ ಹೇಳಲು ಬರುತ್ತಿಲ್ಲ, ಅಷ್ಟೇ.

ಹಿಂದೆ ಬರೆ ಇರಬೇಕು

ಮೊದಲ ಸಲ ಹೋದಾಗಿನ ಬೆಳಗ್ಗೆ ಚೆನ್ನಾಗಿ ನೆನಪಿದೆ. ನಾಟಿ ಕೆಲಸ ಮುಗಿದಿತ್ತು. ಗದ್ದೆಗಳೆಲ್ಲ ತುಂಬಿ ನಿಂತಿದ್ದವು. ಐನ್‌ಮನೆಯ (ಮನೆತನದ ಮೂಲಮನೆ) ಒಳಗೆ ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಒಂಟಿ ನಳಿಗೆ, ಒಂದು ಜೋಡು ನಳಿಗೆ, ಒಂದು ಪಾಯಿಂಟ್ ಟೂ ಟೂ. ಜೊತೆಗೆ ಈಗ ಯಾರೂ ಹಾರಿಸದ ಒಂದು ಹಳೆಯ ಕೇಪಿನ ಕೋವಿ. ಪಕ್ಕದಲ್ಲಿ ಒಡಿಕತ್ತಿ, ಪೀಚೆಕತ್ತಿ. ಪ್ರತಿ ನಳಿಗೆಯ ತುದಿಗೂ ತೋಕ್ ಪೂ ಸಿಕ್ಕಿಸಿದ್ದರು. ನಮ್ಮ ಕಡೆ ಗೌರಿ ಹೂವು ಅನ್ನುತ್ತೇವಲ್ಲ, ಕೆಂಪು ಹಳದಿ ಎಸಳಿನದು, ಅದೇ. ಗಂಧ ಹಚ್ಚಿ, ಕೈ ಮುಗಿದು, ಮನೆಯ ಹಿರಿಯರು ಒಬ್ಬೊಬ್ಬರ ಕೈಗೂ ಕೋವಿ ಕೊಟ್ಟರು. ಕೊಡುವಾಗ ಏನೋ ಹೇಳುತ್ತಿದ್ದರು, ತಗೊಂಡವರು ತಲೆಯಾಡಿಸುತ್ತಿದ್ದರು. ನನಗೆ ಕೊಡವ ತಕ್ಕ್ ಬಾರದು. ಏನು ಹೇಳಿದ್ದು ಅಂತ ಗೆಳತಿಯನ್ನು ಕೇಳಿದೆ. "ಬುದ್ಧಿ ಹೇಳ್ತಾರೆ, ವರ್ಷಾ ವರ್ಷಾ ಅದೇ" ಅಂದಳು. ಆಮೇಲೆ ಕಡಂಬುಟ್ಟು, ಅಕ್ಕಿ ತರಿಯ ಉಂಡೆ ಕಡುಬು. ಅವರಿಗೆ ಪಂದಿ ಕರಿ, ನನಗೆ ಅಂತ ಬೇರೆ ಪಾತ್ರೆಯಲ್ಲಿ ಕಣಿಲೆಯ ಕರಿ. ಕಡಂಬುಟ್ಟಿಗೆ ಬೆಣ್ಣೆ ಹಾಕಿ ತಿಂದು ನೋಡಿ, ಉಳಿದದ್ದೆಲ್ಲ ಬೇಡ ಅನ್ನಿಸುತ್ತೆ.

ಮಧ್ಯಾಹ್ನ ಮೈದಾನಕ್ಕೆ ಹೊರಟೆವು. ಮೈದಾನ ಅಂದರೆ ದೊಡ್ಡದೇನಲ್ಲ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಕಾಫಿ ತೋಟ, ಕೊನೆಯಲ್ಲಿ ಎತ್ತರದ ಬರೆ, ಅಂದರೆ ಮಣ್ಣಿನ ದಿಬ್ಬ. ಕಾಯಿ ಇಡುವ ಜಾಗ ಆ ಬರೆಯ ಬುಡದಲ್ಲೇ. ನಾನು ಜಾಗ ಚೆನ್ನಾಗಿದೆ, ಹಸಿರು ಹಿನ್ನೆಲೆ ಅಂತೆಲ್ಲ ಫೋಟೊ ತೆಗೆಯುತ್ತಿದ್ದೆ. ಗೆಳತಿಯ ಚಿಕ್ಕಮ್ಮ ಪಕ್ಕಕ್ಕೆ ಬಂದು, "ಆ ಬರೆ ಇಲ್ಲದಿದ್ದರೆ ಇಲ್ಲಿ ಆಟವೇ ಇಲ್ಲ" ಅಂದರು. ಪಾಯಿಂಟ್ ಟೂ ಟೂ ಗುಂಡು ನೋಡಲು ಕಡಲೆಕಾಳಿನಷ್ಟು. ತಡೆಯಲು ಏನೂ ಸಿಗದಿದ್ದರೆ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದಂತೆ. ತೋಟದ ಆಚೆ ಯಾರ ಮನೆ, ಯಾರ ಕೊಟ್ಟಿಗೆ, ಇವತ್ತು ಯಾರು ಕೆಲಸಕ್ಕೆ ಬಂದಿದ್ದಾರೆ, ಎಲ್ಲ ಗೊತ್ತಿದ್ದವರೇ ಜಾಗ ಆರಿಸುತ್ತಾರೆ. ಹಾಗಾಗಿ ಆ ಮೈದಾನದಲ್ಲಿ ಮೊದಲು ನೋಡಬೇಕಾದ್ದು ಕಾಯಿಯನ್ನಲ್ಲ, ಕಾಯಿಯ ಹಿಂದೆ ಏನಿದೆ ಅನ್ನುವುದನ್ನು. ಇದನ್ನು ನನಗೆ ಹೇಳಿದ್ದು ಚಿಕ್ಕಮ್ಮ. ಅಲ್ಲಿನ ಏಳೆಂಟು ವರ್ಷದ ಮಕ್ಕಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಾಲಿನಲ್ಲಿ ನಿಂತೆವು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವುದಿದೆಯಲ್ಲ, ಆ ಕಾಯುವಿಕೆ. ಹಸಿವೂ ಇದೆ, ಹರಟೆಯೂ ಇದೆ, ಯಾರ ಎಲೆಗೆ ಏನು ಬಿತ್ತು ಅಂತ ಒಂದು ಕಣ್ಣೂ ಇದೆ. ಜಿಟಿಜಿಟಿ ಮಳೆ ಬಂತು, ನಿಂತಿತು, ಮತ್ತೆ ಬಂತು. ಜಿಗಣೆ ಹತ್ತಿದೆಯಾ ಅಂತ ಎಲ್ಲರೂ ಆಗಾಗ ಪ್ಯಾಂಟು ಮಡಚಿ ನೋಡಿಕೊಳ್ಳುತ್ತಿದ್ದರು. ಒಬ್ಬೊಬ್ಬರು ಮುಂದೆ ಹೋಗಿ ಗುರಿ ಹಿಡಿದಾಗಲೂ ಹಿಂದಿನಿಂದ ಕಾಮೆಂಟ್ರಿ. "ಕಾಯಿ ಆ ಕಡೆ ಇದೆ ಮಾರಾಯ." "ನಿನ್ನ ಈಡು ನೋಡಿ ಕಾಯಿಗೇ ನಗು ಬಂತು." ಬೆಂಗಳೂರಿನಿಂದ ಹೊಸ ಬೂಟು ಹಾಕಿಕೊಂಡು ಬಂದಿದ್ದ ಅಳಿಯನೊಬ್ಬ ಗುರಿ ತಪ್ಪಿದ. ಆವತ್ತಿಡೀ ಅವನಿಗೆ ಬೇರೆ ಹೆಸರೇ ಇರಲಿಲ್ಲ, ಬೂಟು ಅಂತಲೇ ಕರೆದರು. ಇಷ್ಟೆಲ್ಲ ಗಲಾಟೆಯ ನಡುವೆ ಒಂದು ವಿಚಿತ್ರ ಗಮನಿಸಿದೆ. ಗುರಿಕಾರ ಕೋವಿಗೆ ತೋಟೆ ಹಾಕಿದ ಕೂಡಲೇ ಎಲ್ಲರ ಮಾತೂ ನಿಲ್ಲುತ್ತಿತ್ತು. ಯಾರೂ ಶ್ ಅನ್ನುತ್ತಿರಲಿಲ್ಲ. ಎಳೆಯ ಮಕ್ಕಳ ತಲೆ ಮೇಲೆ ಯಾರದಾದರೂ ಒಂದು ಕೈ ಇರುತ್ತಿತ್ತು, ಅದು ಅವರ ಸ್ವಂತ ಅಪ್ಪ ಅಮ್ಮನದೇ ಆಗಬೇಕು ಅಂತಿಲ್ಲ. ನಾಯಿಯೊಂದು ಓಡಿ ಬಂದರೆ ನಾಲ್ಕು ಜನ ಒಟ್ಟಿಗೆ ನೋಡುತ್ತಿದ್ದರು. ಈಡು ಮುಗಿದು, ಬೋಲ್ಟ್ ಎಳೆದು, ಖಾಲಿ ತೋಟೆ ಕೆಳಗೆ ಬಿದ್ದ ಮೇಲೆ ಮತ್ತೆ ಗಲಾಟೆ ಶುರು.

ನನ್ನ ಸರದಿ ಬಂತು. ಚಿಕ್ಕಮ್ಮ ಹಿಂದೆ ನಿಂತರು. ನಳಿಗೆ ಯಾವತ್ತೂ ಬರೆಯ ಕಡೆಗೇ. ತೋಟೆ ಇಲ್ಲ ಅಂತ ಗೊತ್ತಿದ್ದರೂ ಬರೆಯ ಕಡೆಗೇ. ಯಾರಾದರೂ ಕರೆದರೂ ತಿರುಗಬಾರದು. ಹೊಡೆಯಲು ಸಿದ್ಧವಾಗುವವರೆಗೆ ಬೆರಳು ಟ್ರಿಗರ್‌ನ ಹೊರಗೆ. ಇಷ್ಟನ್ನು ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಎಷ್ಟು ಹತ್ತಿರದ ನೆಂಟಳಾದರೂ ಇದರಲ್ಲಿ ರಿಯಾಯಿತಿ ಇಲ್ಲ ಅನ್ನುವುದು ಗೊತ್ತಾಗುವ ಹಾಗಿತ್ತು. ಆಮೇಲೆ ದನಿ ಮೆತ್ತಗಾಯಿತು. "ಕಾಯಿ ನೋಡಬೇಡ. ನಳಿಗೆ ತುದಿಯ ಮಣಿ ನೋಡು. ಕಾಯಿ ಮಸುಕಾಗೇ ಇರಲಿ. ಉಸಿರು ಬಿಡು, ಪೂರ್ತಿ ಬೇಡ. ಎಳೀಬೇಡ, ಒತ್ತು." ಕಾಯಿ ಸುಮಾರು ಐವತ್ತು ಹೆಜ್ಜೆ ದೂರದಲ್ಲಿತ್ತು. ಮಣಿ ನೋಡಿದೆ. ಮಣಿ ನಿಲ್ಲಲಿಲ್ಲ. ನನ್ನ ಎದೆ ಬಡಿತಕ್ಕೆ ಸರಿಯಾಗಿ ಅದು ಕುಣಿಯುತ್ತಿತ್ತು. ನನ್ನ ಹೃದಯ ಬಡಿಯುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನಿಲ್ಲಿಸಬೇಕು ಅಂದಷ್ಟೂ ಜಾಸ್ತಿ ಕುಣಿಯಿತು. ನಿಲ್ಲಿಸುವುದು ಬಿಟ್ಟು ಸುಮ್ಮನೆ ಬೆರಳು ಒತ್ತುತ್ತಾ ಹೋದೆ. ಯಾವಾಗ ಹಾರಿತೋ ಗೊತ್ತಾಗಲಿಲ್ಲ. ಕಾಯಿಗೆ ಬೀಳಲಿಲ್ಲ, ಪಕ್ಕದ ಮಣ್ಣು ಹಾರಿತು. ಹಿಂದಿನಿಂದ ಯಾರೋ "ಬರೆಗೆ ಸರಿಯಾಗಿ ಬಿತ್ತು, ಬರೆಗೇ ಬಹುಮಾನ ಕೊಡಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ಆಮೇಲೆ ಬಹಳ ಹೊತ್ತು ನಡುಗುತ್ತಿತ್ತು.

ಚಿಕ್ಕಮ್ಮ ಹೊಡೆದರು. ಸೆರಗು ಸಿಕ್ಕಿಸಿಕೊಂಡು, ಕನ್ನಡಕ ಒರೆಸಿಕೊಂಡು, ಎರಡು ಉಸಿರು ಬಿಟ್ಟು. ಕಾಯಿ ಎರಡು ಹೋಳಾಯಿತು. ಯಾರೂ ಆಶ್ಚರ್ಯಪಡಲಿಲ್ಲ.

ಬಲೂನು, ಬಣ್ಣದ ಗುಂಡು

ಗುರಿ ಇಡುವುದು ನನಗೆ ಹೊಸದಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆದೇ ಬೆಳೆದ ಮೈಸೂರಿನವರು ನಾವು. ಆ ಏರ್‌ಗನ್ನುಗಳ ಗುರಿ ಯಾವತ್ತೂ ನೆಟ್ಟಗಿರುವುದಿಲ್ಲ ಅಂತ ಅಪ್ಪನ ವಾದ. ಮೊದಲ ಎರಡು ಗುಂಡು ಕೋವಿಯ ಸೊಟ್ಟ ಕಂಡುಹಿಡಿಯಲು, ಉಳಿದದ್ದು ಬಲೂನಿಗೆ ಅನ್ನುತ್ತಿದ್ದರು. ಚೆನ್ನಾಗಿಯೇ ಇರುತ್ತಿತ್ತು. ಆದರೆ ಅದನ್ನು ನೆನೆದು ಯಾರೂ ವರ್ಷವಿಡೀ ಕಾಯುವುದಿಲ್ಲ.

ಪೇಂಟ್‌ಬಾಲೂ ಆಡಿದ್ದೇನೆ. ಆಫೀಸಿನ ಟೀಮ್ ಔಟಿಂಗಿನಲ್ಲಿ, ಒಂದು ರೆಸಾರ್ಟಿನಲ್ಲಿ. ಹೆಲ್ಮೆಟ್ಟು, ಜಾಕೆಟ್ಟು, ಬುಟ್ಟಿ ತುಂಬ ಬಣ್ಣದ ಗುಂಡು. ಎರಡು ಗುಂಪು ಮಾಡಿ ಒಬ್ಬರನ್ನೊಬ್ಬರು ಹೊಡೆಯಿರಿ ಅಂದರು. ಹತ್ತು ನಿಮಿಷ ಕಿರುಚಾಡಿದೆವು. ಆಮೇಲೆ ಊಟ ಯಾವಾಗ ಅಂತ ಎಲ್ಲರೂ ಗಡಿಯಾರ ನೋಡತೊಡಗಿದರು. ನನ್ನ ಮ್ಯಾನೇಜರಿಗೆ ಮಂಡಿಯಲ್ಲಿ ನೀಲಿ ಬಾಸುಂಡೆ. ಅದೊಂದು ಮಾತ್ರ ತೃಪ್ತಿ ಕೊಟ್ಟ ವಿಷಯ. ಇದರ ಬಗ್ಗೆ ಇನ್ನೇನೂ ಹೇಳಲಿಕ್ಕಿಲ್ಲ.

ಎಷ್ಟು ಬೇಕಾದರೂ ಹೊಡೆಯಬಹುದು ಅಂದಾಗ ಯಾವ ಗುಂಡಿಗೂ ಬೆಲೆ ಇಲ್ಲ ಅನ್ನುವುದು ಒಂದು ಕಾರಣ. ತೆಂಗೆ ಬೊಡಿಯಲ್ಲಿ ಹೆಸರು ಕೊಟ್ಟು, ದುಡ್ಡು ಕೊಟ್ಟು, ಮಳೆಯಲ್ಲಿ ನಿಂತು, ಸಿಗುವುದು ಒಂದೇ ಈಡು. ಆದರೆ ಅದಷ್ಟೇ ಅಲ್ಲ ಅಂತ ಈಗ ಅನ್ನಿಸುತ್ತಿದೆ. ಪೇಂಟ್‌ಬಾಲಿನಲ್ಲಿ ಏನೂ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ. ಬರೆಯ ಮುಂದಿನ ಆ ಮೈದಾನದಲ್ಲಿ ನಿಜವಾಗಿ ಏನಾದರೂ ಆಗಬಹುದು. ಅದಕ್ಕೇ ಇಡೀ ಗುಂಪು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತದೆ. ಜಗಳವಾಡಿ ಎರಡು ವರ್ಷ ಮಾತು ಬಿಟ್ಟ ಅಣ್ಣ ತಮ್ಮ ಅಲ್ಲಿ ಅಕ್ಕಪಕ್ಕ ನಿಂತಿದ್ದರು. ಮಾತಿಲ್ಲ. ಆದರೆ ತಮ್ಮನ ಮಗ ಗೆರೆ ದಾಟಿ ಮುಂದೆ ಹೋದಾಗ ಅಂಗಿ ಹಿಡಿದು ಹಿಂದಕ್ಕೆ ಎಳೆದದ್ದು ಅಣ್ಣನೇ. ತಮ್ಮ ನೋಡಿದ. ಆಗಲೂ ಮಾತಾಡಲಿಲ್ಲ. (ಇದರಿಂದ ರಾಜಿಯಾಯಿತು ಅಂತೆಲ್ಲ ಅಂದುಕೊಳ್ಳಬೇಡಿ. ಜಾಗದ ಕೇಸು ಇನ್ನೂ ನಡೆಯುತ್ತಿದೆ.)

ನನಗೆ ಖುಷಿ ಕೊಡುವುದು ಇದೇ ಇರಬೇಕು. ಕೋವಿಯಲ್ಲ, ಕೋವಿ ಇದೆ ಅನ್ನುವ ಕಾರಣಕ್ಕೆ ಜನ ಬೇರೆ ಥರ ನಿಲ್ಲುವುದು. ನಮ್ಮ ಮನೆಯ ಹಬ್ಬಗಳಲ್ಲೂ ಇಷ್ಟೇ ಜನ ಸೇರುತ್ತೇವೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಬೇರೆ ಬೇರೆ ಫೋನು ನೋಡುತ್ತೇವೆ. ಅಲ್ಲಿ ಯಾರೂ ಫೋನು ತೆಗೆದಿಡಿ ಅನ್ನಲಿಲ್ಲ. ಆದರೂ ಯಾರ ಕೈಯಲ್ಲೂ ಇರಲಿಲ್ಲ, ನನ್ನದೊಂದು ಬಿಟ್ಟು.

ಹತ್ತು ಮೀಟರ್

ಇಷ್ಟು ಸುಲಭವಾಗಿ ಉತ್ತರ ಸಿಕ್ಕಿತು ಅಂದುಕೊಳ್ಳುವಾಗ ಮಗಳು ಅಡ್ಡ ಬರುತ್ತಾಳೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ನಮ್ಮ ಮನೆಯಲ್ಲೂ ಆ ಜ್ವರ ಹತ್ತಿತು. ಮಗಳನ್ನು ರೈಫಲ್ ರೇಂಜಿಗೆ ಸೇರಿಸಿದೆವು. ಹತ್ತು ಮೀಟರ್ ಏರ್ ರೈಫಲ್. ಮೊದಲ ದಿನ ನಾನೂ ಹೋಗಿ ಹಿಂದೆ ಬೆಂಚಿನಲ್ಲಿ ಕೂತೆ. ಉದ್ದ ಕೋಣೆ, ಬಿಳಿ ದೀಪ, ಒಂದೇ ಸಾಲಿನಲ್ಲಿ ಮಕ್ಕಳು. ದಪ್ಪ ಕ್ಯಾನ್ವಾಸಿನ ಜಾಕೆಟ್ ಹಾಕಿಕೊಂಡು, ಸೊಂಟ ಒಂದು ಕಡೆ ವಾಲಿಸಿ, ಅಲುಗಾಡದೆ ನಿಂತಿದ್ದಾರೆ. ಸದ್ದು ಅಂದರೆ ಟಕ್, ಅಷ್ಟೇ. ಮತ್ತೆ ಟಕ್. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆ ಎಷ್ಟು ದೊಡ್ಡದು ಗೊತ್ತಾ? ಅರ್ಧ ಮಿಲಿಮೀಟರ್. ಹಾರುವ ಗುಂಡೇ ನಾಲ್ಕೂವರೆ ಮಿಲಿಮೀಟರ್. ಹತ್ತು ಬಿದ್ದರೂ ಸಾಲದು, ಆ ಹತ್ತನ್ನೂ ದಶಾಂಶದಲ್ಲಿ ಸೀಳಿ 10.9ರವರೆಗೆ ಅಳೆಯುತ್ತಾರೆ. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಮುಂಚೆ ಫಿನ್ಲೆಂಡಿನವನ ಜೊತೆ ಸರಿಸಮ ಇದ್ದರು. ಕೊನೆಯದು 10.8. ಚಿನ್ನ. ಫಿನ್ಲೆಂಡಿನವನು 9.7 ಹೊಡೆದು ಕಂಚಿಗೆ ಇಳಿದ. ಆಗ ಟಿವಿಯಲ್ಲಿ ನೋಡಿದಾಗ ಸುಮ್ನೆ ನಂಬರು ಅನ್ನಿಸಿತ್ತು. ಆ ಬೆಂಚಿನಲ್ಲಿ ಕೂತಾಗ ಆ ವ್ಯತ್ಯಾಸ ಎಷ್ಟು ಅಂತ ಕಣ್ಣಿಗೆ ಬಿತ್ತು.

ಮಗಳಿಗೆ ಅಲ್ಲಿನ ಮೌನವೇ ಇಷ್ಟ. "ಅಲ್ಲಿ ಯಾರೂ ನನ್ನನ್ನ ನೋಡಲ್ಲಮ್ಮಾ" ಅಂತಾಳೆ. ನನಗೆ ಖುಷಿ ಕೊಡುವುದು ಜನ ನೋಡುವುದು, ಅವಳಿಗೆ ಜನ ನೋಡದೇ ಇರುವುದು. ಕೈಯಲ್ಲಿರುವ ವಸ್ತು ಹೆಚ್ಚುಕಡಿಮೆ ಒಂದೇ. ಹದಿಮೂರು ವರ್ಷದ ಹುಡುಗಿಯನ್ನು ದಿನವಿಡೀ ಯಾರ್ಯಾರು ನೋಡುತ್ತಾರೆ ಅಂತ ಯೋಚಿಸಿದರೆ ಅವಳ ಮಾತು ಅರ್ಥವಾಗುತ್ತದೆ. ಶಾಲೆ, ವ್ಯಾನು, ಟ್ಯೂಷನ್ನು, ಅಜ್ಜಿ, ಕೊನೆಗೆ ನಾನು. ಅಲ್ಲಿ ಆ ಒಂದು ಗಂಟೆ ಅವಳಿಗೆ ಬೆನ್ನು ಮಾತ್ರ ಇದೆ, ಮುಖ ಇಲ್ಲ.

ಅವಳನ್ನು ಕೈಲ್‌ಪೊಳ್ದ್‌ಗೆ ಕರೆದುಕೊಂಡು ಹೋದಾಗ ಏನಾಗುತ್ತದೋ ಅಂತ ಕುತೂಹಲ ಇತ್ತು. ಮಕ್ಕಳಿಗೆ ಏರ್‌ಗನ್ನಿನಲ್ಲಿ ಮೊಟ್ಟೆ ಹೊಡೆಯುವ ಸ್ಪರ್ಧೆ ಇಟ್ಟಿದ್ದರು. ಅರ್ಧ ಮಿಲಿಮೀಟರ್ ಚುಕ್ಕೆಗೆ ಹೊಡೆಯುವವಳಿಗೆ ಮೊಟ್ಟೆ ಯಾವ ಲೆಕ್ಕ ಅಂತ ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವಳು ನಿಂತಳು. ಜಾಕೆಟ್ ಇಲ್ಲ, ರೇಂಜಿನ ಬೂಟಿಲ್ಲ, ಕಾಲಡಿ ಕೆಸರು ಜಾರುತ್ತಿದೆ. ಏರ್‌ಗನ್ನಿನ ಟ್ರಿಗರ್ ಗಟ್ಟಿ. ಹಿಂದೆ ನೂರು ಜನ. ಒಬ್ಬ ಪುಟ್ಟ ಹುಡುಗ ಅವಳ ಪಕ್ಕದಲ್ಲೇ ನಿಂತು ಚಿಪ್ಸು ಕರುಮುರು ಮಾಡುತ್ತಿದ್ದಾನೆ. ಮಗಳು ತಿರುಗಿ ಅವನನ್ನು ಒಮ್ಮೆ ನೋಡಿದಳು. ಕೋವಿ ಮಾತ್ರ ತಿರುಗಲಿಲ್ಲ, ನಳಿಗೆ ಬರೆಯ ಕಡೆಗೇ ಇತ್ತು. ಚಿಕ್ಕಮ್ಮ ನನ್ನ ತೋಳು ಮುಟ್ಟಿ "ನೋಡಿದಿಯಾ?" ಅಂದರು. ನಾನು ಮೊಟ್ಟೆ ನೋಡುತ್ತಿದ್ದೆ, ಅವರು ಇದನ್ನು ನೋಡುತ್ತಿದ್ದರು. ಮೊಟ್ಟೆ ಹಾಗೇ ಉಳಿಯಿತು. ಚಿಪ್ಸಿನ ಹುಡುಗ ಬಂದ, ಎಣ್ಣೆ ಕೈ ಚಡ್ಡಿಗೆ ಒರೆಸಿಕೊಂಡ, ಹೊಡೆದ, ಮೊಟ್ಟೆ ಒಡೆಯಿತು. ಹಿಂದಿರುಗುವ ದಾರಿಯಲ್ಲಿ ಹುಣಸೂರಿನವರೆಗೂ ಮಗಳು ಕಾರಿನಲ್ಲಿ ಮಾತಾಡಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ, "ಆ ಕೋವಿ ಸ್ವಲ್ಪ ಎಡಕ್ಕೆ ಹೊಡೆಯುತ್ತೆ. ಅವನಿಗೆ ಮೊದಲೇ ಗೊತ್ತಿತ್ತು" ಅಂದಳು. ಅಪ್ಪನ ಮೊಮ್ಮಗಳೇ ಸರಿ.

ಎಡಗಿವಿ

ಗೆಳತಿಯ ದೊಡ್ಡಪ್ಪನಿಗೆ ಎಡಗಡೆ ಕೂತು ಮಾತಾಡಿದರೆ ಕೇಳಿಸುವುದಿಲ್ಲ. ಮನೆಯಲ್ಲಿ ಎಲ್ಲರೂ ಅಭ್ಯಾಸವಾಗಿ ಬಲಗಡೆಯೇ ಕೂರುತ್ತಾರೆ. ಮೊದಲು ವಯಸ್ಸು ಅಂದುಕೊಂಡಿದ್ದೆ. ಬಲಗೈಯವರು ಕೋವಿ ಹೆಗಲಿಗೆ ಆನಿಸಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಅಡ್ಡ ಇರುತ್ತದೆ. ವರ್ಷಗಟ್ಟಲೆ ಹೊಡೆದವರಿಗೆ ಮೊದಲು ಹೋಗುವುದು ಎಡಗಿವಿ. 140 ಡೆಸಿಬಲ್ ದಾಟಿದ ಸದ್ದು ಒಂದೇ ಸಲ ಕೇಳಿದರೂ ಕಿವಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದು. ಹನ್ನೆರಡು ಬೋರಿನ ತೋಟೆ ಕೋವಿ ಅದನ್ನು ಆರಾಮಾಗಿ ದಾಟುತ್ತದೆ. ಇಷ್ಟಾದರೂ ಮೈದಾನದಲ್ಲಿ ಕಿವಿಗೆ ಏನಾದರೂ ಹಾಕಿಕೊಂಡವರನ್ನು ಹುಡುಕಬೇಕು. ಹಾಕಿಕೊಂಡರೆ ಗಂಡಸುತನಕ್ಕೆ ಕಡಿಮೆ ಅನ್ನುವ ಭಾವನೆ ಇದೆ, ಇಲ್ಲ ಅನ್ನಬೇಡಿ. ನಳಿಗೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ಜನ ಕಿವಿಯ ವಿಷಯದಲ್ಲಿ ಹೀಗೇಕೆ ಅಂತ ನನಗೆ ಸಿಟ್ಟು ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಫೋಮ್ ಪ್ಲಗ್ಗು ನೂರು ರೂಪಾಯಿಯೂ ಇಲ್ಲ. ನಾನು ಈಗ ಒಂದು ಪ್ಯಾಕೆಟ್ ತಗೊಂಡು ಹೋಗಿ ಮಕ್ಕಳಿಗೆಲ್ಲ ಹಂಚುತ್ತೇನೆ. ಮಕ್ಕಳು ಅದನ್ನು ಮೂಗಿಗೆ ಹಾಕಿಕೊಳ್ಳುತ್ತಾರೆ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ ಅಂತಲೂ ಕೂಗುತ್ತೇನೆ. ಗುಂಡು ಸೀಸದ್ದು, ಕೈಗೆ ಹತ್ತುತ್ತದೆ. ಹೀಗಾಗಿ ಅಲ್ಲಿ ನನಗೂ ಒಂದು ಅಡ್ಡಹೆಸರು ಬಿದ್ದಿದೆ. ಇಲ್ಲಿ ಬೇಡ.

ನನ್ನದಲ್ಲದ ಹಕ್ಕು

ಇದನ್ನು ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ಗೆಳತಿಯ ಮನೆಯವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ವಿನಾಯಿತಿ ಪತ್ರ ಇದ್ದರೆ ಸಾಕು. ನಾನು ಇಟ್ಟುಕೊಳ್ಳುವ ಹಾಗಿಲ್ಲ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇದು ಸರಿಯಲ್ಲ ಅಂತ ಹೈಕೋರ್ಟಿಗೆ ಹೋದರು, 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಮೈಸೂರಿನ ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಹೀಗೆ ಒಂದು ಕೋವಿ ಕೊಟ್ಟರೆ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿದೆ. ಪಾರ್ಕಿಂಗ್ ಜಗಳಗಳು ನೆನಪಾದವು. ಬೇಡ ಅನ್ನಿಸಿತು. ಹಾಗಾದರೆ ಅವರಿಗೆ ಯಾಕೆ ಸರಿ ಅನ್ನುವುದಕ್ಕೆ ನನ್ನ ಹತ್ತಿರ ಕಾನೂನಿನ ಉತ್ತರ ಇಲ್ಲ. ಅವರ ಮನೆಯಲ್ಲಿ ಕೋವಿಗೆ ಕೆಲಸ ಇದೆ ಅನ್ನುವುದೊಂದು ಕಾಣುತ್ತದೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆ ಆಕಾಶಕ್ಕೆ ಒಂದು ಈಡು. ಸಾವಾದರೆ ಎರಡು, ಊರಿಗೆ ಸುದ್ದಿ ಮುಟ್ಟಿಸಲು. ಗಂಡುಮಗು ಹುಟ್ಟಿದರೆ ಒಂದು. ಹೆಣ್ಣು ಹುಟ್ಟಿದರೆ? ಕೇಳಿದ್ದೆ. "ನಾನು ಹುಟ್ಟಿದಾಗ ಹೊಡೀಲಿಲ್ಲ. ಅದಕ್ಕೇ ಆ ಬಾಕಿ ಈಗ ನಾನೇ ಹೊಡೀತಿದೀನಿ" ಅಂದರು ಚಿಕ್ಕಮ್ಮ.

ಬೇಟೆಯ ವಿಷಯವೂ ಇದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ. ಹಳಬರ ಮಾತಿನಲ್ಲಿ ಅದರ ಹಳಹಳಿಕೆ ಮಾತ್ರ ಇನ್ನೂ ಇದೆ. ಕದ್ದು ಹೊಡೆಯುವವರು ಇಲ್ಲವೇ ಇಲ್ಲ ಅನ್ನಲು ನಾನೇನು ಅಲ್ಲಿಯವಳಲ್ಲ. ಪೇಪರಿನಲ್ಲಿ ಬರುವುದನ್ನು ಎಲ್ಲರೂ ಓದುತ್ತೇವೆ. ದಾಯಾದಿ ಜಗಳದಲ್ಲಿ ಕೋವಿ ಹೊರಬಂದ ಸುದ್ದಿಯನ್ನೂ ಓದುತ್ತೇವೆ. ನಾನು ಮೇಲೆ ಹೇಳಿದ ಅಣ್ಣ ತಮ್ಮಂದಿರ ಮನೆಯಲ್ಲೂ ಕೋವಿಗಳಿವೆ. ಆ ಮೈದಾನದಲ್ಲಿ ಎಲ್ಲರೂ ಅಷ್ಟು ಎಚ್ಚರವಾಗಿರುವುದಕ್ಕೆ ಇದೂ ಕಾರಣವಿರಬೇಕು. ಕೋವಿ ಏನು ಮಾಡಬಲ್ಲದು ಅಂತ ಸಿನಿಮಾದಿಂದ ಕಲಿತವರಲ್ಲ ಅವರು. ಬೇರೆ ಕಡೆ ಮದುವೆ ಮೆರವಣಿಗೆಯಲ್ಲಿ ಪಿಸ್ತೂಲು ಎತ್ತಿ ಗಾಳಿಗೆ ಹಾರಿಸುವ ವಿಡಿಯೊ ಬಂದಾಗ ಚಿಕ್ಕಮ್ಮನ ಮನೆಯಲ್ಲಿ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಮ್ಮೆ ಯಾರೋ ಗ್ರೂಪಿಗೆ ಹಾಕಿದ್ದರು. ಚಿಕ್ಕಮ್ಮನ ಉತ್ತರ ಒಂದೇ ಸಾಲು: "ಇವನ ಹಿಂದೆ ಬರೆ ಎಲ್ಲಿ?"

ದುರ್ಬೀನಿನ ಜಗಳ

ಈಗ ಆ ಗ್ರೂಪಿನಲ್ಲಿ ಬೇರೆ ಜಗಳ ನಡೆಯುತ್ತಿದೆ. ಮೊದಲೆಲ್ಲ ಗೆದ್ದವರಿಗೆ ಒಂದು ಕಾಯಿಯೋ, ಒಂದು ಪಾತ್ರೆಯೋ ಸಿಗುತ್ತಿತ್ತಂತೆ. ಈಗ ನಗದು ಬಹುಮಾನ, ಟ್ರೋಫಿ, ಮೈಕು, ಬ್ಯಾನರು. ಹೊರಗಿನಿಂದ ಬಹಳ ಜನ ಬರುತ್ತಾರೆ. (ನಾನೂ ಹೊರಗಿನವಳೇ, ಈ ದೂರು ಹೇಳುವ ಯೋಗ್ಯತೆ ನನಗಿಲ್ಲ.) ದುಡ್ಡು ಜಾಸ್ತಿಯಾದ ಕಡೆ ಸಾಮಾನೂ ಜಾಸ್ತಿಯಾಗುತ್ತದೆ. ಹೋದ ವರ್ಷ ಗೆಳತಿಯ ಅಣ್ಣನ ಮಗ ರೈಫಲ್ಲಿಗೆ ಟೆಲಿಸ್ಕೋಪು ಕೂರಿಸಿಕೊಂಡು ಬಂದಿದ್ದ. ಅದರಲ್ಲಿ ಕಾಯಿ ಮುಂಗೈ ದೂರದಲ್ಲೇ ಕಾಣುತ್ತದೆ, ಅದರ ಮೂರು ಕಣ್ಣೂ ಎಣಿಸಬಹುದು. ಹೊಡೆದ, ಬಿತ್ತು. ಹಿಂದೆ ಯಾರೂ ತಮಾಷೆ ಮಾಡಲಿಲ್ಲ, ಚಪ್ಪಾಳೆಯೂ ಜೋರಿರಲಿಲ್ಲ. ಅವನಿಗೆ ಅವಮಾನವಾಗಿದೆ. ಹಾಕಬಾರದು ಅಂತ ನಿಯಮ ಎಲ್ಲಿದೆ ತೋರಿಸಿ ಅಂತಾನೆ. ಅವನ ಮಾತಿನಲ್ಲೂ ಹುರುಳಿದೆ, ಎಲ್ಲೂ ಬರೆದಿಟ್ಟಿಲ್ಲ. ವಯಸ್ಸಾದವರ ಕಣ್ಣಿಗೆ ಅನುಕೂಲ ಅಂತ ಇನ್ನೊಂದು ಬಣ. ಚಿಕ್ಕಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಟೆಲಿಸ್ಕೋಪು ಬಂದರೆ ಅವರಿಗೇ ಜಾಸ್ತಿ ಲಾಭ. ಆದರೂ ಬೇಡವೇ ಬೇಡ ಅನ್ನುವವರಲ್ಲಿ ಅವರೇ ಮೊದಲು. ಮಗಳನ್ನು ಕೇಳಿದೆ. ಅವಳ ರೈಫಲ್ಲಿಗೂ ಟೆಲಿಸ್ಕೋಪು ಹಾಕುವ ಹಾಗಿಲ್ಲ, ಹಿಂದೊಂದು ತೂತು, ಮುಂದೊಂದು ಬಳೆ, ಅಷ್ಟರಲ್ಲೇ ಅರ್ಧ ಮಿಲಿಮೀಟರ್ ಹುಡುಕಬೇಕು. "ಟೆಲಿಸ್ಕೋಪಲ್ಲಿ ತೆಂಗಿನಕಾಯಾ?" ಅಂತ ನಕ್ಕು ಎದ್ದು ಹೋದಳು. ಓಟಿಗೆ ಹಾಕುತ್ತೇವೆ ಅಂತ ಗ್ರೂಪಿನಲ್ಲಿ ಬಂದಿದೆ. ನೆಂಟರಿಗೂ ಓಟು ಇದೆಯಾ ಅಂತ ಕೇಳಿದ್ದೇನೆ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.